ಸೂಜಿಗಲ್ಲಿಗೆ ಅಂಟುವ ಈಳಿಗೆ

ನನ್ನ ಅಂಗಿಯ ಜೇಬಿನಲ್ಲಿ ಸದಾ ಒಂದು ಸೂಜಿಗಲ್ಲು ಇರುತ್ತದೆ. ಬೇರೆಯವರು ಅಲ್ಲಿ ಪೆನ್ನು ಸಿಕ್ಕಿಸಿಕೊಳ್ಳುತ್ತಾರೆ, ಕನ್ನಡಕ ಇಟ್ಟುಕೊಳ್ಳುತ್ತಾರೆ, ಮಾದಪ್ಪನ ಪಟ ಇಟ್ಟುಕೊಳ್ಳುತ್ತಾರೆ. ನನಗೆ ಪೆನ್ನಿನ ಕೆಲಸ ಬೀಳುವುದು ಕಡಿಮೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಕ್ಷರ ಕಲಿತದ್ದು ಶಾಲೆಯಲ್ಲಿ, ಓದು ಕಲಿತದ್ದು ಬೋಂಡ ಕಟ್ಟಿಕೊಟ್ಟ ಪೇಪರಿನಲ್ಲಿ. ಎಣ್ಣೆ ಹೀರಿದ ಕಡೆ ಅಕ್ಷರ ಕಾಣುತ್ತಿರಲಿಲ್ಲವಾದ್ದರಿಂದ ಎಷ್ಟೋ ಕಥೆಗಳ ಕೊನೆಯನ್ನು ನಾನೇ ಊಹಿಸಿಕೊಂಡಿದ್ದೇನೆ.

ಸೂಜಿಗಲ್ಲು ದೊಡ್ಡದೇನಲ್ಲ. ಹಳೇ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ್ದು. ಕೋಡುಬಳೆಯ ಹಾಗೆ ದುಂಡಗಿದೆ, ನಡುವೆ ತೂತು, ಒಂದು ಕಡೆ ಚಕ್ಕೆ ಎದ್ದಿದೆ. ಅಂಗಿ ಒಗೆಯಲು ಹಾಕುವ ಮೊದಲು ನನ್ನ ಹೆಂಡತಿ ಜೇಬಿಗೆ ಕೈ ಹಾಕಿದರೆ ಅದರ ಜೊತೆ ಒಂದು ಹಿಡಿ ಕಬ್ಬಿಣದ ಪುಡಿ, ಎರಡು ವಾಷರು, ಒಂದು ಮೊಳೆ, ಕೆಲವು ಸಲ ಅವಳದೇ ಸೀರೆಯ ಪಿನ್ನು ಹೊರಗೆ ಬರುತ್ತವೆ.

"ಇದು ಜೇಬಲ್ಲ ಕಣ್ರೀ, ಗುಜರಿ ಅಂಗ್ಡಿ. ಮೊನ್ನೆ ಪಿನ್ನಿಗೋಸ್ಕರ ಮನೆಯೆಲ್ಲ ಗುಡಿಸ್ದೆ. ನೀವೂ ನನ್ ಜೊತೆ ಹುಡುಕ್ತಿದ್ರಲ್ಲ!"

ಹುಡುಕಿದ್ದು ನಿಜ. ಜೇಬು ಒಂದನ್ನು ಬಿಟ್ಟು ಎಲ್ಲ ಕಡೆ ಹುಡುಕಿದ್ದೆ.

ಈ ಕಲ್ಲನ್ನು ಕಂಡಕಂಡ ಲೋಹಕ್ಕೆಲ್ಲ ತಾಕಿಸಿ ನೋಡುವುದು ನನಗಿರುವ ಚಟ. ಬೀಡಿ ಇಲ್ಲ, ಎಲೆಯಡಿಕೆ ಇಲ್ಲ, ಇದೊಂದು ಇದೆ. ಶ್ರೀರಂಗಪಟ್ಟಣದ ಛತ್ರವೊಂದರಲ್ಲಿ ಮದುವೆ ಊಟಕ್ಕೆ ಕೂತಾಗ ಬಡಿಸುವವನು ನನ್ನೆದುರು ಬಗ್ಗಿದ. ಅವನ ಕೈಯಲ್ಲಿದ್ದ ಸೌಟಿನ ಹಿಡಿಗೆ ಕಲ್ಲು ತಾಕಿಸಿದೆ. ಅದು ಹೋಗಿ ಕಚ್ಚಿಕೊಂಡಿತು. "ಸಾ, ಸೌಟ ಬುಟ್ರೆ ಸಾರಾಕ್ತೀನಿ" ಎಂದ ಪುಣ್ಯಾತ್ಮ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ತನ್ನ ಎಲೆಯನ್ನು ಒಂದು ಗೇಣು ಆಚೆ ಸರಿಸಿಕೊಂಡಳು.

ಇನ್ನೊಂದು ಸಲ ಬೆರಳು ಕೊಯ್ದುಕೊಂಡು ಹೊಲಿಗೆ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದೆ. ನರ್ಸಮ್ಮ ತಟ್ಟೆಯೊಂದನ್ನು ತಂದಿಟ್ಟರು. ಅದರಲ್ಲಿ ಕತ್ತರಿ, ಚಿಮಟ, ಬೆರಳುದ್ದದ ಚಾಕು, ಎಲ್ಲ ಫಳಫಳ. ನನ್ನ ಇನ್ನೊಂದು ಕೈ ತಾನಾಗಿ ಜೇಬಿನ ಕಡೆ ಹೋಯಿತು.

"ಯಜಮಾನ್ರೇ, ಎದೆ ನೋಯ್ತಿದೆಯಾ?"

"ಇಲ್ಲ ಕಣಮ್ಮ. ಆ ಕತ್ತರಿಗೆ ಈ ಕಲ್ಲು ಅಂಟ್ತದಾ ಅಂತ ನೋಡ್ಬೇಕಿತ್ತು."

ಆಕೆ ಡಾಕ್ಟರ ಮುಖ ನೋಡಿದರು. ಡಾಕ್ಟರು ನನ್ನ ಮುಖ ನೋಡಿ, "ಮೊದ್ಲು ಇಂಜೆಕ್ಷನ್ ಕೊಟ್ಬಿಡಿ" ಎಂದರು. ಅಂಟುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದುದನ್ನೇ ಇನ್ನೊಂದು ಸಲ ಕಣ್ಣಾರೆ ನೋಡುವ ಚಪಲ, ಅಷ್ಟೇ.

ಪಾತ್ರೆ ಅಂಗಡಿಗೆ ಹೋಗುವ ನಮ್ಮ ಜನಕ್ಕೆ ಒಂದು ಶಾಸ್ತ್ರ ಗೊತ್ತು. ಸೂಜಿಗಲ್ಲು ಅಂಟಿದರೆ ಅದು ಕಬ್ಬಿಣ, ಅಂಟದಿದ್ದರೆ ಒಳ್ಳೇ ಸ್ಟೀಲು. ಈ ಶಾಸ್ತ್ರದ ಜೊತೆ ನಾನು ಆಯುಸ್ಸೆಲ್ಲ ಜಗಳ ಆಡಿಕೊಂಡು ಬಂದಿದ್ದೇನೆ. ಅದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ತಟ್ಟೆ ಲೋಟದ ಸ್ಟೀಲಿನಲ್ಲಿ ನಿಕ್ಕಲ್ಲು ಸೇರಿರುತ್ತದೆ. ಅದು ಕಲ್ಲಿಗೆ ಅಂಟುವುದಿಲ್ಲ, ಹುಳಿಗೂ ಉಪ್ಪಿಗೂ ಜಗ್ಗುವುದಿಲ್ಲ. ಆದರೆ ಮೆದು. ಎಷ್ಟು ಕಾಯಿಸಿ ಎಷ್ಟು ಅದ್ದಿದರೂ ಗಟ್ಟಿಯಾಗದು. ಅದರಲ್ಲಿ ಚಾಕು ಮಾಡಿದರೆ ಬೆಣ್ಣೆ ಸವರಬಹುದು, ಬದನೆಕಾಯಿ ಹೆಚ್ಚುವುದು ಕಷ್ಟ.

ಅದರ ದಾಯಾದಿ ಇನ್ನೊಂದಿದೆ. ನೂರಕ್ಕೆ ಹನ್ನೆರಡು ಹದಿಮೂರು ಪಾಲು ಕ್ರೋಮಿಯಂ, ಜೊತೆಗೆ ಚಿಟಿಕೆ ಇಂಗಾಲ. ಕೆಂಪು ದಾಟಿ ಕಿತ್ತಳೆ ಬಣ್ಣ ಬರುವವರೆಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಅರ ಹಾಕಿದರೂ ಅರವೇ ಜಾರಬೇಕು, ಅಷ್ಟು ಗಟ್ಟಿ. ಬೋರ್‌ವೆಲ್ ಮೋಟರಿನ ಶಾಫ್ಟು ಇದರದು. ಕ್ಷೌರದ ಕತ್ತಿ, ಡಾಕ್ಟರ ಕತ್ತರಿ, ವಾಲ್ವಿನೊಳಗಿನ ಗುಂಡು, ಎಲ್ಲ ಇದರ ಮನೆಯವೇ. ಇದು ಸ್ಟೀಲೇ, ಆದರೂ ಸೂಜಿಗಲ್ಲಿಗೆ ಅಂಟುತ್ತದೆ. ಓದಿದವರು ಇದನ್ನು ಮಾರ್ಟೆನ್ಸಿಟಿಕ್ ಎನ್ನುತ್ತಾರಂತೆ. ವರ್ಕ್‌ಶಾಪಿನವರಾದ ನಾವು ನಂಬರಿನಲ್ಲೇ ಕರೆಯುತ್ತೇವೆ: ಫೋರ್ ಟೆನ್, ಫೋರ್ ಟ್ವೆಂಟಿ. ಒಂದೇ ಒಂದು ಕೊರತೆ. ಹುಳಿ, ಉಪ್ಪು ಹತ್ತಿದ್ದನ್ನು ಹಾಗೇ ಒದ್ದೆಯಲ್ಲಿ ಬಿಟ್ಟರೆ ಚುಕ್ಕಿ ಚುಕ್ಕಿಯಾಗಿ ತುಕ್ಕು ಏಳಬಹುದು. ಈ ಕೊನೆಯ ಮಾತನ್ನು ಬೇರೆಯವರಿಗೆ ಹೇಳುವಾಗ ನಾನು ಸ್ವಲ್ಪ ಬೇಗ ಹೇಳಿ ಮುಗಿಸುತ್ತೇನೆ.

ಪಾಂಡವಪುರದಲ್ಲಿ ನನ್ನದು ಮೋಟರು ರಿಪೇರಿ ಅಂಗಡಿ. ಕೆ.ಆರ್. ಪೇಟೆ ಕಡೆಯ ರೈತರು ಸುಟ್ಟ ಮೋಟರನ್ನು ಆಟೋದಲ್ಲಿ ಮಲಗಿಸಿಕೊಂಡು ಬರುತ್ತಾರೆ, ಮೈ ಹುಷಾರಿಲ್ಲದ ಅತ್ತೆಯನ್ನು ತಂದ ಹಾಗೆ. "ಉಳಿತದಾ ಅಣ್ಣ?" ಎಂದು ಕೇಳುತ್ತಾರೆ. ಬಿಚ್ಚಿ, ತಂತಿ ಸುತ್ತಿ, ಶಾಫ್ಟು ಸವೆದಿದ್ದರೆ ಹೊಸದು ಕಡೆದು ಹಾಕಿ, ನೀರೆತ್ತಿಸಿ ಕಳಿಸುತ್ತೇನೆ. ಮಾಡಿದ ಕೆಲಸ ವಾಪಸು ಬಂದರೆ ಆ ದಿನ ನನಗೆ ಮುದ್ದೆ ಇಳಿಯುವುದಿಲ್ಲ. ಈ ಜಂಬವೋ ರೋಗವೋ ನನಗೆ ಹತ್ತಿದ್ದು ನಮ್ಮ ಅಕ್ಕಯ್ಯನಿಂದ. ಸೂಜಿಗಲ್ಲು ಸಿಕ್ಕಿದ್ದೂ ಅವಳಿಂದಲೇ.

ನಾವು ಪಾಲಹಳ್ಳಿಯವರು. ಅಪ್ಪ ನಾಲೆಯ ನೀರುಗಂಟಿ. ಯಾರ ಗದ್ದೆಗೆ ಯಾವಾಗ ನೀರು ಎಂದು ತೂಬು ತೆಗೆದು ಮುಚ್ಚುವ ಕೆಲಸ. ಅವ್ವ ನಾಟಿಗೆ, ಕಳೆಗೆ ಹೋಗುವಳು. ನಾನು ಬೆಳೆದದ್ದು ಅಕ್ಕಯ್ಯನ ಸೊಂಟದ ಮೇಲೆ. ಕೆ.ಆರ್.ಎಸ್.ನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನನ್ನು ಕಾಡಿ ಬೇಡಿ ಅವಳು ಆ ಸೂಜಿಗಲ್ಲು ತಂದಿದ್ದಳು. ಅದಕ್ಕೆ ದಾರ ಕಟ್ಟಿ ನಾಲೆಯ ಏರಿಯ ಮರಳಿನಲ್ಲಿ ಎಳೆದುಕೊಂಡು ಹೋದರೆ ಕಲ್ಲಿನ ಸುತ್ತ ಕಪ್ಪು ಪುಡಿ ಮೀಸೆಯ ಹಾಗೆ ಎದ್ದು ನಿಲ್ಲುವುದು. ಅದನ್ನು ಬೆರಳಿನಲ್ಲಿ ಸವರಿ ತೆಗೆದು ನನ್ನ ತುಟಿಯ ಮೇಲೆ ಮೆತ್ತುವಳು.

"ಈಗ ನೀನೇ ನೀರುಗಂಟಿ ಕಣ್ಲಾ, ಅಪ್ಪನಂಗೆ. ತೂಬು ಮುಚ್ಚು ನೋಡನ."

ನಾನು ಸೊಂಟಕ್ಕೆ ಕೈ ಕೊಟ್ಟು, ಇಲ್ಲದ ರೈತರ ಮೇಲೆಲ್ಲ ಕೂಗಾಡುವೆ. ಬೆವರಿಗೆ ಮೀಸೆ ಇಳಿದು ಬಾಯಿಗೆ ಬಂದು, ಹಲ್ಲಿನಲ್ಲಿ ಕರಕರ ಎನ್ನುವುದು. ಆ ರುಚಿ ಈಗಲೂ ನೆನಪಿದೆ. ಲೇತಿನ ಹತ್ತಿರ ಬಾಯಿ ತೆರೆದುಕೊಂಡು ನಿಂತರೆ ಅದೇ ರುಚಿ.

ಶಾಲೆ ನನಗೆ ಹತ್ತಲಿಲ್ಲ. ಹೋಗುತ್ತೇನೆಂದು ಹೊರಟು ನಾಲೆಯಲ್ಲಿ ಈಜಿ, ತಲೆ ಒಣಗಿಸಿಕೊಂಡು ಮನೆಗೆ ಬರುವೆ. ಮೇಷ್ಟ್ರು ಇವತ್ತು ಏನು ಪಾಠ ಮಾಡಿದರು, ಯಾರಿಗೆ ಹೊಡೆದರು, ಯಾಕೆ ಹೊಡೆದರು ಎಂದು ಇಲ್ಲದ್ದನ್ನೆಲ್ಲ ಉದ್ದಕ್ಕೆ ಹೇಳುವೆ. ಅಕ್ಕಯ್ಯ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡು, "ಸಾಲೆಗೆ ಓಗಿಲ್ಲ ಇವ" ಎಂದು ಅವ್ವನಿಗೆ ಹೇಳುವಳು. ನಾನು ನಿಜ ಹೇಳುವಾಗ ಒಂದೇ ಮಾತು, ಸುಳ್ಳು ಹೇಳುವಾಗ ಮಾತು ಜಾಸ್ತಿ ಎನ್ನುವುದು ಅವಳು ಕಂಡುಕೊಂಡಿದ್ದ ಗುಟ್ಟು.

ಏಳನೇ ಕ್ಲಾಸಿಗೆ ನಾನು ಕೈ ಚೆಲ್ಲಿದಾಗ ಬೈದವಳು ಅವಳೊಬ್ಬಳೇ. ಬೈದು, ಮಾರನೇ ದಿನ ತಾನೇ ಬಸ್ಸು ಹತ್ತಿಸಿಕೊಂಡು ಪಾಂಡವಪುರದ ವರ್ಕ್‌ಶಾಪಿಗೆ ಕರೆದುಕೊಂಡು ಹೋದಳು. ಅಲ್ಲಿ ಲೇತು ನಡೆಸುತ್ತಿದ್ದ ಸಾಬರನ್ನು ಎಲ್ಲರೂ ಉಸ್ತಾದರು ಎನ್ನುತ್ತಿದ್ದರು. ಅವರ ಎದುರು ನನ್ನನ್ನು ಮುಂದಕ್ಕೆ ನೂಕಿ, "ಇವ ನನ್ ತಮ್ಮ. ಸುಳ್ಳು ಯೋಳ್ತಾನೆ, ಆದ್ರೆ ಕದಿಯಕಿಲ್ಲ" ಎಂದಳು. ಇಂಥ ಶಿಫಾರಸು ಅವರು ಅದುವರೆಗೆ ಕೇಳಿರಲಿಲ್ಲವೆಂದು ಕಾಣುತ್ತದೆ, ನಕ್ಕು ಒಪ್ಪಿಕೊಂಡರು. ವಾಪಸು ಹೋಗುವಾಗ ನನ್ನ ಕಿವಿ ಹಿಡಿದು ಹೇಳಿದಳು: "ಓದ್ನಂತೂ ಬುಟ್ಟೆ. ಕೈಕೆಲ್ಸನಾರೂ ನೆಟ್ಟಗೆ ಕಲಿ. ನನ್ ತಮ್ಮ ಮಾಡಿದ್ದು ಅಂತ ನಾನು ನಾಕ್ ಜನಕ್ಕೆ ತೋರಿಸ್ಬೇಕು."

ಅದಾದ ಸ್ವಲ್ಪ ಕಾಲಕ್ಕೆ ಅವಳನ್ನು ನಾಗಮಂಗಲದ ಹತ್ತಿರದ ಹಳ್ಳಿಗೆ ಕೊಟ್ಟರು. ಹೋಗುವಾಗ ಸೂಜಿಗಲ್ಲನ್ನು ನನ್ನ ಕೈಗೆ ಹಾಕಿದಳು. ಭಾವನದು ರಾಗಿ ಮಿಲ್ಲು. ಮೈಯೆಲ್ಲ ಹಿಟ್ಟು, ಹುಬ್ಬು ಬೆಳ್ಳಗೆ, ಮಾತಿನಲ್ಲಿ ಮಾತ್ರ ಖಾರ. ನಾನು ಹೋದಾಗಲೆಲ್ಲ, "ಬನ್ನಿ ಇಂಜಿನಿಯರ್ರೇ! ಯಾವ್ ಕಾಲೇಜು?" ಎನ್ನುವರು. ಅವರಮ್ಮ ಸೆರಗಿನಲ್ಲಿ ನಗುವರು. ಅಕ್ಕಯ್ಯ ಒಲೆಯ ಮುಂದಿನಿಂದಲೇ ಕೂಗುವಳು: "ನಗಾಡಿ, ನಗಾಡಿ. ಒಂದಿನ ನನ್ ತಮ್ಮುನ್ ಕೈಕೆಲ್ಸ ನೋಡೀರಿ."

ಆ ಒಂದು ದಿನವನ್ನು ತರುವುದು ನನ್ನ ಮೇಲೆ ಬಿತ್ತು. ಅವಳ ಅಡುಗೆಮನೆಯಲ್ಲಿದ್ದದ್ದು ಅತ್ತೆಯ ಕಾಲದ ಕಬ್ಬಿಣದ ಈಳಿಗೆ ಮಣೆ. ಬಾಳೆಕಾಯಿ ಹೆಚ್ಚಿದರೆ ಬಾಳೆಕಾಯಿ ಕಪ್ಪು, ಕೈ ಕಪ್ಪು, ಪಲ್ಯ ಕಪ್ಪು. ತುಕ್ಕೇ ಹಿಡಿಯದ ಸ್ಟೀಲಿನ ಈಳಿಗೆ ಮಾಡಿಕೊಡುತ್ತೇನೆಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಉಸ್ತಾದರು ಮೈಸೂರಿನಿಂದ ತಂದು ಜೋಪಾನ ಮಾಡಿದ್ದ ಒಂದು ಫೋರ್ ಟ್ವೆಂಟಿ ಪಟ್ಟಿ ಇತ್ತು. ಅದನ್ನು ಕೇಳಿದೆ. ಯಾರಿಗೆ ಎಂದರು. ಅಕ್ಕಯ್ಯನಿಗೆ ಎಂದೆ. "ಆ ಕಿವಿ ಹಿಂಡಿದ ಅಕ್ಕಾನಾ? ತಗೋ ಬೇಟಾ" ಎಂದು ಕೊಟ್ಟರು.

ಕೊಯ್ದು, ಉಜ್ಜಿ, ಬಾತುಕೋಳಿ ಕತ್ತಿನ ಹಾಗೆ ಬಾಗಿಸಿ, ತುದಿಗೆ ಕಾಯಿ ತುರಿಯಲು ಹಲ್ಲು ಇಟ್ಟು, ಕಿತ್ತಳೆ ಬಣ್ಣಕ್ಕೆ ಕಾಯಿಸಿ ಎಣ್ಣೆಗೆ ಅದ್ದಿದೆ. ಚುಂಯ್ ಎಂದಿತು. ನನ್ನ ಎದೆಯೂ ಹಾಗೇ ಎಂದಿತು. ಗೆದ್ದೆ ಎಂದು ಬೆಂಚಿನ ಮೇಲಿಟ್ಟು ಟೀ ಕುಡಿಯಲು ತಿರುಗಿದೆ. ಅದು ಜಾರಿ ನೆಲಕ್ಕೆ ಬಿದ್ದು, ಗಾಜಿನ ಬಳೆಯಂತೆ ಎರಡು ತುಂಡಾಯಿತು.

ಉಸ್ತಾದರು ತುಂಡನ್ನು ಎತ್ತಿ ನೋಡಿ ಹೇಳಿದರು: "ಬೆಂಕಿ ತಿಂದು ಬಂದೈತೆ, ಗುಸ್ಸಾ ಜಾಸ್ತಿ ಇರ್ತದೆ. ಅಂಗೇ ಕೆಲ್ಸಕ್ಕೆ ಹಚ್ಬಾರ್ದು. ವಸಿ ಬಿಸಿ ತೋರ್ಸಿ ಸಮಾಧಾನ ಮಾಡ್ಬೇಕು, ಅದೇ ಹದ."

ಉಳಿದ ಪಟ್ಟಿಯಲ್ಲಿ ಎರಡನೆಯದನ್ನು ಮಾಡಿದೆ. ಸಮಾಧಾನ ಮಾಡುವುದು ಎಲ್ಲಿ? ನಮ್ಮ ಕುಲುಮೆಯಲ್ಲಿ ಸಣ್ಣ ಶಾಖ ನಿಲ್ಲುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬೋಂಡ ಬೇಯುವ ಬಾಣಲೆ ಕಣ್ಣಿಗೆ ಬಿತ್ತು. ಬೇಕಾದಷ್ಟೇ ಶಾಖ, ಗಂಟೆಗಟ್ಟಲೆ ಒಂದೇ ಸಮ! ಹೋಟೆಲಿನ ರಾಮಣ್ಣನನ್ನು ಹಿಡಿದೆ.

"ಏನ್ಲಾ, ನನ್ ಬಾಣ್ಲೆಗೆ ಮಚ್ಚಾಕ್ತೀಯಾ? ಗಿರಾಕಿಗಳು ನೋಡುದ್ರೆ ಏನಂತಾರ್ಲಾ?"

"ಮಚ್ಚಲ್ಲಣ್ಣ, ಈಳಿಗೆ. ನಮ್ಮಕ್ಕಯ್ಯನ್ಗೆ. ತೊಳ್ದಿವ್ನಿ."

ಅಕ್ಕಯ್ಯ ಎಂದದ್ದಕ್ಕೆ ಕರಗಿದ. ಮಧ್ಯಾಹ್ನ ಪೂರ್ತಿ ನನ್ನ ಈಳಿಗೆ ಬೋಂಡಗಳ ಜೊತೆ ಬೆಂದಿತು. ರಾಮಣ್ಣ ಜಾಲರಿ ಸೌಟಿನಲ್ಲಿ ಬೋಂಡ ಎತ್ತುವಾಗೊಮ್ಮೆ ಅದನ್ನೂ ಮಗುಚಿ, "ಇದಿನ್ನೂ ಬೆಂದಿಲ್ಲ ಕಣ್ಲಾ" ಎನ್ನುವನು. ಆಚೆ ತೆಗೆದು, ಸಾಣೆ ಹಿಡಿದು, ಬಫ್ ಹೊಡೆದು ಕನ್ನಡಿ ಮಾಡಿದೆ. ನನ್ನ ಮುಖ ಅದರಲ್ಲಿ ಕಂಡಿತು, ಸ್ವಲ್ಪ ಸೊಟ್ಟಗೆ. ಬೇಕೆಂದೇ ಕೈಬಿಟ್ಟು ನೆಲಕ್ಕೆ ಬೀಳಿಸಿದೆ. ಟಣ್ ಎಂದಿತು, ಮುರಿಯಲಿಲ್ಲ.

ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಕೊಂಡೊಯ್ಯುವುದು ನನ್ನ ಕೆಲಸ. ಅದರ ಜೊತೆ ಈಳಿಗೆಯನ್ನೂ ಕಟ್ಟಿಕೊಂಡೆ. ಅವ್ವ ತಡೆದಳು: "ಅಬ್ಬದ ದಿನ ಅಕ್ಕನ ಕೈಗೆ ಕತ್ತಿ ಕೊಡ್ತಾರೇನ್ಲಾ? ನೆಲದ ಮ್ಯಾಲೆ ಮಡಗು, ಅವ್ಳೇ ಎತ್ಕಳ್ಳಿ. ಕೈಯಿಂದ ಕೈಗೆ ಕೊಟ್ರೆ ಜಗಳಾಯ್ತದೆ." ಹಾಗೇ ನೆಲದ ಮೇಲಿಟ್ಟೆ. ಅಕ್ಕಯ್ಯ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಅವಳ ಅತ್ತೆ, ಭಾವ, ಪಕ್ಕದ ಮನೆಯವರು ಎಲ್ಲ ಇದ್ದರು. ನಾನು ಎದೆ ತಟ್ಟಿಕೊಂಡು ಹೇಳಿದೆ: "ಅಪ್ಪಟ ಸ್ಟೀಲು. ಜನ್ಮದಲ್ಲಿ ತುಕ್ಕು ಹಿಡಿಯಕಿಲ್ಲ. ಹಿಡಿದ್ರೆ ನನ್ ಹೆಸ್ರು ಬದ್ಲಾಯ್ಸಿ." ಅಕ್ಕಯ್ಯ ಅತ್ತೆಯ ಕಡೆ ನೋಡಿದ ನೋಟ ನೀವು ನೋಡಬೇಕಿತ್ತು. ಬಾಳೆಕಾಯಿ ಹೆಚ್ಚಿದಳು. ಹೋಳು ಬೆಳ್ಳಗೆ ಬಿದ್ದವು. ನಾನು ಊಟ ಮಾಡಿ ಸಂಜೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಬಸ್ಸು ನೆಲದ ಮೇಲೆ ಇರಲಿಲ್ಲ.

ಆಮೇಲೆ ಮೂವತ್ತು ವರ್ಷದ ಮೇಲಾಯಿತು. ಹೋದಾಗಲೆಲ್ಲ ನಾನು ಅಡುಗೆಮನೆಗೆ ಇಣುಕಿ, ಈಳಿಗೆ ನೋಡಿ, ಊಟಕ್ಕೆ ಕೂತು ಶುರುಮಾಡುತ್ತಿದ್ದೆ. "ನೋಡುದ್ರಾ ಭಾವ, ಒಂದು ಚುಕ್ಕಿ ತುಕ್ಕು ಇಲ್ಲ!" ಎಲ್ಲದಕ್ಕೂ ಮಾತು ತಿರುಗಿಸಿ ಹೊಡೆಯುವ ಭಾವ, ಈ ಮಾತಿಗೆ ಮಾತ್ರ ಜಂತೆ ನೋಡುತ್ತ, "ಉಪ್ಪಿನಕಾಯಿ ಆಕಮ್ಮಿ ಬಾಮೈದನ್ಗೆ" ಎನ್ನುವರು. ಸೋತರು ಪಾಪ ಎಂದುಕೊಳ್ಳುತ್ತಿದ್ದೆ.

ಹೋದ ತಿಂಗಳು ಅಕ್ಕಯ್ಯ ಫೋನು ಮಾಡಿದಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ಪುಟ್ಟಾ, ಒಬ್ನೇ ಇದ್ದೀಯಾ? ಈಳಿಗೆ ಮಣೆ ತಕ್ಕೊಂಡೋಗ್ಬುಡು. ನಾಡಿದ್ದು ಗುಜರಿ ಆಟೋದೋನು ಬತ್ತಾನೆ. ಅವ್ನು ಬರೋಕ್ ಮುಂಚೆ ಬಾ."

ಅವಳ ಮನೆ ರಿಪೇರಿಗೆ ಬಂದಿದೆ, ಅಡುಗೆಮನೆಗೆ ಕಟ್ಟೆ ಕಟ್ಟಿಸಿದ್ದಾರೆ, ಸೊಸೆ ನಿಂತು ಹಲಗೆಯ ಮೇಲೆ ಹೆಚ್ಚುತ್ತಾಳೆ, ಅಕ್ಕಯ್ಯನಿಗೆ ಮಂಡಿ ಮಡಚಿ ಕೂರಲು ಆಗುವುದಿಲ್ಲ ಎಂದೆಲ್ಲ ಕೇಳಿದ್ದೆ. ಆದರೂ ಗುಜರಿಗಾ? ರಾತ್ರಿಯೇ ಹೆಂಡತಿಯ ಮುಂದೆ ಸೊಸೆಯನ್ನು ಬೈದು, ಬೆಳಿಗ್ಗೆ ಬೈಕು ಹತ್ತಿದೆ. ಜಕ್ಕನಹಳ್ಳಿ ದಾಟುವವರೆಗೂ ಅವಳಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದೆ. ಕಬ್ಬಿನ ಲಾರಿಗಳ ಹಿಂದೆ ಸಿಕ್ಕಿಕೊಂಡದ್ದರಿಂದ ಜೋಡಿಸಲು ಸಮಯವೂ ಇತ್ತು.

ಅಂಗಳದಲ್ಲಿ ಹಳೇ ಮಿಲ್ಲಿನ ಬಿಡಿಭಾಗ, ತಗಡು, ಸೈಕಲ್ಲು ರಾಶಿ ಬಿದ್ದಿದ್ದವು. ನಾನು ಬೈಯಬೇಕೆಂದಿದ್ದ ಸೊಸೆ ನಗುತ್ತ ಬಂದು, "ಬನ್ನಿ ಮಾವ. ಅತ್ತೆ ನಿಮ್ ಈಳಿಗೆ ಎಲ್ಲೋ ಬಚ್ಚಿಟ್ಟವ್ರೆ, ನಾನು ಕೇಳುದ್ರೂ ಕೊಡ್ತಿಲ್ಲ. ಕಾಯಿ ತುರಿಯಕ್ಕೆ ಅದೇ ಚೆಂದ" ಎಂದಳು. ಜೋಡಿಸಿಕೊಂಡಿದ್ದ ಮಾತೆಲ್ಲ ಅಲ್ಲೇ ಉದುರಿಹೋಯಿತು.

ಅಕ್ಕಯ್ಯ ನನ್ನನ್ನು ಹಿತ್ತಲ ಕೋಣೆಗೆ ಕರೆದುಕೊಂಡು ಹೋದಳು. ರಾಗಿ ಡ್ರಮ್ಮಿನ ಹಿಂದಿನಿಂದ ಹಳೇ ಸೀರೆಯ ಗಂಟು ತೆಗೆದಳು. ಬಿಚ್ಚಿದರೆ ನನ್ನ ಈಳಿಗೆ. ಸಾಣೆಗೆ ಸವೆದು ಅಗಲ ಅರ್ಧವಾಗಿದೆ, ಹೊಳಪು ಮಾತ್ರ ಹಾಗೇ ಇದೆ. ಸೀರೆಯ ತುಂಡು ಎಣ್ಣೆ ಕುಡಿದು ಕುಡಿದು ಚರ್ಮದ ಹಾಗಾಗಿತ್ತು. ಪಕ್ಕದಲ್ಲಿ ಒಂದು ಹರಳೆಣ್ಣೆ ಬಾಟಲಿ.

"ಇದ್ಯಾಕಕ್ಕಯ್ಯ ಇಷ್ಟೊಂದು ಎಣ್ಣೆ?"

ಅವಳು ಬಾಗಿಲ ಕಡೆ ನೋಡಿ, ನನ್ನ ಮೊಣಕೈ ಹಿಡಿದುಕೊಂಡಳು.

"ಬೇಜಾರ್ ಮಾಡ್ಕಬ್ಯಾಡ ಪುಟ್ಟಾ. ಇದು ಸ್ಟೀಲಲ್ಲ ಕಣ್ಲಾ. ಕಬ್ಬುಣ."

ನಾನು ಬಗ್ಗಿ ಅಲಗಿನ ಮೈ ಸವರಿ ನೋಡಿದೆ.

"ಆವತ್ತು ಗೌರಿ ಅಬ್ಬದಲ್ಲಿ ನೀನು ಅತ್ಲಾಗೆ ಬಸ್ಸತ್ತಿದ್ದೆ, ಇತ್ಲಾಗೆ ನಿಮ್ ಭಾವ ಮಿಲ್ಲಿನ ಸೂಜಿಗಲ್ಲ ತಂದು ಇಕ್ಕಿ ನೋಡುದ್ರು. ಲಬಕ್ ಅಂತ ಅಂಟ್ಕತ್ತು. ಪಾಪ ಹುಡ್ಗುಂಗೆ ಯಾರೋ ಮೋಸ ಮಾಡವ್ರೆ, ನೊಂದ್ಕತಾನೆ, ಯೋಳ್ಬ್ಯಾಡ ಅಂದ್ರು. ನೀನು ನಮ್ಮತ್ತೆ ಎದ್ರುಗೆ ತುಕ್ಕು ಹಿಡಿಯಕಿಲ್ಲ ಅಂತ ಎದೆ ತಟ್ಕಂಡ್ಬುಟ್ಟಿದ್ದೆ. ತುಕ್ಕು ಹಿಡುದ್ರೆ ಯಾರ್ಲಾ ನಗೋರು? ಅದ್ಕೇಯ, ಹೆಚ್ಚಿದ್ ತಕ್ಷಣ ತೊಳ್ದು, ಒರಸಿ, ಅಳ್ಳೆಣ್ಣೆ ಸವರಿ ಮಡಗ್ತಿದ್ದೆ. ಒಂದಿನ ತಪ್ಸಿಲ್ಲ. ಬಾಣಂತನದಾಗೂ ನಿಮ್ ಭಾವುನ್ ಕೈಲಿ ಹಚ್ಚುಸ್ದೆ."

ಭಾವನ ಮಿಲ್ಲಿನಲ್ಲಿ ರಾಗಿ ಸುರಿಯುವ ಬಾಯಿಗೆ ಅಂಗೈಯಗಲದ ಸೂಜಿಗಲ್ಲು ಇಟ್ಟಿರುತ್ತಿದ್ದರು. ರಾಗಿಯ ಜೊತೆ ಬಂದ ಮೊಳೆ, ತಂತಿ ಚೂರನ್ನು ಅದು ಹಿಡಿದಿಟ್ಟುಕೊಳ್ಳುವುದು. ಅದಕ್ಕೆ ಅಂಟಿದ್ದೆಲ್ಲ ಕಬ್ಬಿಣ ಎಂದು ಆಯುಸ್ಸೆಲ್ಲ ನಂಬಿದ ಮನುಷ್ಯ. ಅವರು ಇನ್ನೇನು ತಿಳಿದಾರು?

"ನಾಳೆ ಗುಜರಿಯೋನು ಕಂಡಕಂಡದ್ದಕ್ಕೆಲ್ಲ ಎಲ್ಲರ ಮುಂದೆ ಸೂಜಿಗಲ್ಲು ಇಕ್ತಾನೆ. ಮಾವ ಮಾಡ್ಕೊಟ್ಟ ಸ್ಟೀಲು ಅಂತ ಸೊಸೆ ಬೀದಿಗೆಲ್ಲ ಯೋಳವ್ಳೆ. ಇಷ್ಟ್ ದಿನ ಕಾಪಾಡಿ ಈಗ ಓಗ್ಬೇಕಾ ನಿನ್ ಮಾನ? ತಕ್ಕೊಂಡೋಗು" ಎಂದಳು.

ನಾನು ಜೇಬಿನಿಂದ ಕಲ್ಲು ತೆಗೆದೆ. ಅವಳ ಕಣ್ಣು ಅದರ ಮೇಲೆ ಬಿತ್ತು. "ಅಯ್ಯೋ, ಇದ್ನ ಇನ್ನೂ ಮಡಿಕ್ಕಂಡಿದ್ದೀಯಾ?" ಎಂದು ಚಕ್ಕೆ ಎದ್ದ ಕಡೆ ಹೆಬ್ಬೆರಳು ಆಡಿಸಿದಳು. ನಾನು ತಡೆಯದೆ ಶುರುಮಾಡಿದೆ. ಅಕ್ಕಯ್ಯ, ಸ್ಟೀಲಿನಲ್ಲಿ ಎರಡು ಥರ, ನಿಕ್ಕಲ್ಲು ಇದ್ದದ್ದು ಅಂಟಕಿಲ್ಲ, ಗಟ್ಟಿ ಆಗುವ ಸ್ಟೀಲು ಅಂಟ್ತದೆ, ಕ್ರೋಮಿಯಂ ಇಷ್ಟು, ಇಂಗಾಲ ಇಷ್ಟು, ಡಾಕ್ಟರ ಕತ್ತರಿ ನೋಡು, ಮೋಟರಿನ ಶಾಫ್ಟು ನೋಡು, ಉಸ್ತಾದರು, ಬೋಂಡದ ಬಾಣಲೆ, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅವಳ ಮುಖ ನೋಡಿದೆ. ಸೊಪ್ಪು ಬಿಡಿಸುತ್ತ ನನ್ನ ಶಾಲೆಯ ಕಥೆ ಕೇಳುತ್ತಿದ್ದಾಗ ಇದ್ದ ಮುಖ.

"ಆಯ್ತು ಬುಡಪ್ಪ, ಅಂಗೇ ಇರ್ಲಿ" ಎಂದಳು, ಮೆತ್ತಗೆ.

ನಮ್ಮ ದನಿ ಕೇಳಿ ಭಾವ ಬಂದರು. ಗಂಟು ಬಿಚ್ಚಿದ್ದು ಕಂಡು ಮುಖ ಚಿಕ್ಕದು ಮಾಡಿಕೊಂಡರು. "ಯೋಳ್ಬುಟ್ಟಾ? ಇಷ್ಟ್ ವರ್ಸ ಬಾಯಿ ಕಟ್ಕಂಡಿದ್ದೆ ಕಣಮ್ಮಿ ನಾನು."

"ಇಲ್ಲಾ ಭಾವ, ಇದು ಸ್ಟೀಲೇ. ಫೋರ್ ಟ್ವೆಂಟಿ ಅಂತ."

"ಅದೇ ಕಣ್ಲಾ ನಾನೂ ಯೋಳ್ತಿರೋದು" ಎಂದು ಬಾಯಿ ಜಾರಿ, ತಕ್ಷಣ ನನ್ನ ಭುಜ ತಟ್ಟಿ, "ಇರ್ಬೋದು, ಇರ್ಬೋದು. ಅಂಟೋ ಸ್ಟೀಲೂ ಇದ್ದಾತು, ನಮಗೇನ್ ಗೊತ್ತು?" ಎಂದರು. ನಂಬಿಕೆ ಒಂದು ಕಾಳಿನಷ್ಟೂ ಇರಲಿಲ್ಲ. ಪ್ರೀತಿ ಮೂಟೆಯಷ್ಟು ಇತ್ತು. ಆ ಪ್ರೀತಿಯೇ ನನ್ನನ್ನು ಕೆರಳಿಸಿತು.

"ಹಂಗಾದ್ರೆ ಇವತ್ತೇ ನೋಡ್ಬುಡನ. ಎಣ್ಣೆ ಒರಸಿ ಹುಣಸೆ ನೀರಲ್ಲಿ, ಉಪ್ಪಾಕಿ, ಬೆಳಗಿನಗಂಟ ಮುಳುಗ್ಸಿ ಮಡಗಿ. ತುಕ್ಕು ಬಂದ್ರೆ ಕೇಳಿ!"

ಭಾವನ ಕಣ್ಣು ಹೊಳೆಯಿತು. ಬಕೆಟ್ಟು ತರಲು ಹೊರಟೇಬಿಟ್ಟರು. ಅಕ್ಕಯ್ಯ ಈಳಿಗೆಯನ್ನು ಸೀರೆಯ ತುಂಡಿನ ಸಮೇತ ಎದೆಗೆ ಅವುಚಿಕೊಂಡು ಗೋಡೆಗೆ ಒರಗಿದಳು. "ಯಾರಾರೂ ಮುಟ್ಟಿದ್ರೆ ನೋಡಿ. ನಾನು ಇಷ್ಟ್ ಕಾಲ ನೀರಿನ ಪಸೆ ನಿಲ್ಲುಸ್ದೆ ಮಡಗಿದ್ದುನ್ನ ಹುಣಸೆ ನೀರ್ಗೆ ಆಕ್ತಾರಂತೆ, ಗಂಡಸ್ರು!"

ನಾನು ಮುಂದಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಬೇಗ ಹೇಳಿ ಮುಗಿಸುವ ಆ ಕೊನೆಯ ಮಾತು ನೆನಪಾಗಿತ್ತು. ಹುಳಿ, ಉಪ್ಪು, ರಾತ್ರಿಯೆಲ್ಲ ನೀರು. ಬೆಳಿಗ್ಗೆ ಅದರ ಮೈಮೇಲೆ ಚುಕ್ಕಿ ಎದ್ದಿದ್ದರೆ ನನ್ನ ಹತ್ತಿರ ಯಾವ ಉತ್ತರವಿತ್ತು? ಇಷ್ಟು ವರ್ಷ ಅದು ಬೆಳ್ಳಗಿದ್ದದ್ದು ನಾನು ಹಾಕಿದ ಹದದಿಂದಲೋ, ಅವಳು ಹಚ್ಚಿದ ಎಣ್ಣೆಯಿಂದಲೋ, ನನಗೆ ನಿಜವಾಗಿ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

"ಬ್ಯಾಡ ಬುಡಿ ಭಾವ" ಎಂದೆ.

ಭಾವ ಬಕೆಟ್ಟು ಕೆಳಗಿಟ್ಟರು. ನಾನು ಹಿಂದೆ ಸರಿದದ್ದನ್ನು ಇಬ್ಬರೂ ತಮಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡರು, ಇಬ್ಬರೂ ಬೇರೆ ಕಡೆ ನೋಡಿದರು. ಆಮೇಲೆ ಅಕ್ಕಯ್ಯ ಅಲಗಿಗೆ ಉಗುರು ತಾಕಿಸಿ ನೋಡುತ್ತ ಹೇಳಿದಳು:

"ಕಬ್ಬುಣವೋ ಸ್ಟೀಲೋ, ಮೊಂಡಾಗ್ಲಿಲ್ಲ ನೋಡು. ಇಬ್ರು ಮಕ್ಕಳ ಮದ್ವೆಗೆ ಮೂಟೆ ಮೂಟೆ ಹೆಚ್ಚಿವ್ನಿ ಇದ್ರಾಗೆ. ನೀನೇ ತಾನೆ ಮಾಡಿದ್ದು?"

"ನಾನೇ."

"ಇದು ನಿಜ" ಎಂದಳು. "ಒಂದೇ ಮಾತು ಆಡ್ದೆ ನೋಡು."

ಊಟ ಮಾಡಿ ಹೊರಡುವಾಗ ಈಳಿಗೆಯನ್ನು ಸುತ್ತಿ, ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ನೆಲದ ಮೇಲೆ ಇಟ್ಟಳು. ಕೈಗೇ ಕೊಡು ಎಂದರೆ ಕೇಳಲಿಲ್ಲ. ನಾನು ಎತ್ತಿಕೊಂಡೆ. ಎಣ್ಣೆ ಬಾಟಲಿಯನ್ನು ಮಾತ್ರ ಕೈಯಿಂದ ಕೈಗೇ ಕೊಟ್ಟು, "ದಿನಾ ಹಚ್ಚು. ನಿನ್ನೆಂಡ್ತಿ ಕೇಳುದ್ರೆ ಏನಾರಾ ಯೋಳು" ಎಂದಳು.

ಈಗ ಅದು ಅಂಗಡಿಯಲ್ಲಿ, ನನ್ನ ತಲೆಯ ಮೇಲಿನ ಗೂಟದಲ್ಲಿ ನೇತಾಡುತ್ತಿದೆ. ಮೊನ್ನೆ ಗುಜರಿಯ ಹುಡುಗ ಸುಟ್ಟ ತಂತಿ ತೂಕಕ್ಕೆ ಬಂದವನು ಅದನ್ನು ಇಳಿಸಿ, ತನ್ನ ಸೂಜಿಗಲ್ಲು ತಾಕಿಸಿದ. ಲಬಕ್ ಎಂದಿತು.

"ಫಳಫಳ ಅಂತದೆ ಅಷ್ಟೇಯ. ಕಬ್ಬುಣ ಸಾ ಇದು. ತೂಕಕ್ಕೆ ಆಕ್ಲಾ?"

ಅಂಗಡಿಯಲ್ಲಿದ್ದ ಗಿರಾಕಿಗಳು ನನ್ನ ಕಡೆ ತಿರುಗಿದರು. ನನ್ನ ಭಾಷಣ ಅವರಿಗೆಲ್ಲ ಬಾಯಿಪಾಠ. ಒಬ್ಬ ಆಗಲೇ ಸ್ಟೂಲು ಎಳೆದುಕೊಂಡು ಕೂತಿದ್ದ.

"ಹೂಂ ಕಣಪ್ಪ, ಕಬ್ಬುಣವೇಯ" ಎಂದೆ. "ಎಲ್ಲಿತ್ತೋ ಅಲ್ಲೇ ಮಡಗು."

ಅವನು ಹೋದ ಮೇಲೆ ಅಲಗಿನ ಮೇಲೆ ಅವನ ಬೆವರಿನ ಬೆರಳಚ್ಚು ಮೂಡಿತ್ತು. ಒರೆಸಿದೆ. ಆಮೇಲೆ ಹರಳೆಣ್ಣೆ ಬಾಟಲಿ ಎಲ್ಲಿಟ್ಟಿದ್ದೇನೆಂದು ಹುಡುಕತೊಡಗಿದೆ.